ಕೂದಲೆಳೆಯ ತಂತಿ, ಕೈಗೆ ತಕ್ಕ ಬೆಲೆ: ಹಳೆಯ ರೇಡಿಯೋ ದುರಸ್ತಿಯ ಲೆಕ್ಕಾಚಾರ

ಕೋಲಾರ, ಮಾಲೂರು, ಮುಳಬಾಗಿಲು ಹಾಗೂ ಶ್ರೀನಿವಾಸಪುರ ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ಆಸ್ತಿ ಪಾಲಾದಾಗ, ಇಲ್ಲವೇ ಹಂಚಿನ ಮನೆಯನ್ನು ಕೆಡವಿ ತಾರಸಿ ಕಟ್ಟಿಸುವಾಗ, ಅಟ್ಟದಿಂದ ಕೆಳಗಿಳಿಯುವ ವಸ್ತುಗಳ ಪೈಕಿ ವಾಲ್ವ್ ರೇಡಿಯೋ ಒಂದು. ಹೀಗೆ ಇಳಿದ ಪೆಟ್ಟಿಗೆಗೆ ಸಾಮಾನ್ಯವಾಗಿ ಎರಡು ದಾರಿಗಳಿವೆ. ಒಂದು, ಗುಜರಿ ಅಂಗಡಿ. ಅಲ್ಲಿ ಕಬ್ಬಿಣದ ಚಾಸಿ ಮತ್ತು ತಾಮ್ರದ ತಂತಿಗೆ ತೂಕದ ಬೆಲೆ ದೊರೆಯುತ್ತದೆ. ಇನ್ನೊಂದು, ದುರಸ್ತಿಗಾರನ ಮೇಜು. ಎರಡನೆಯ ದಾರಿಯನ್ನು ಹಿಡಿಯುವ ಪೆಟ್ಟಿಗೆಗಳು ಕಡಿಮೆ. ಏಕೆಂದರೆ ಆ ಮೇಜನ್ನು ಇಟ್ಟುಕೊಂಡಿದ್ದ ಅಂಗಡಿಗಳಲ್ಲಿ ಬಹುತೇಕವು ಮೊದಲು ದೂರದರ್ಶನದ ಸೆಟ್‌ಗಳಿಗೂ ನಂತರ ಮೊಬೈಲ್ ಫೋನುಗಳಿಗೂ ಹೊರಳಿಕೊಂಡವು.

ವ್ಯಾಪಾರದ ದೃಷ್ಟಿಯಿಂದ ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಇಂತಹ ಸೆಟ್ಟು ಮೂಕವಾಗಿರುವುದು ಬಹುಪಾಲು ಸಂದರ್ಭಗಳಲ್ಲಿ ಪೂರ್ತಿ ಕೆಟ್ಟುಹೋದುದರಿಂದಲ್ಲ. ಕೂದಲಿಗಿಂತ ತೆಳುವಾದ ಒಂದು ತಂತಿ ಬೆಸುಗೆಯ ಬಳಿ ತುಂಡಾಗಿರುತ್ತದೆ, ಇಲ್ಲವೇ ಹತ್ತಿಪ್ಪತ್ತು ರೂಪಾಯಿಯ ಕಂಡೆನ್ಸರ್ ಒಂದು ಸೋರುತ್ತಿರುತ್ತದೆ. ದೋಷ ಇಷ್ಟು ಚಿಕ್ಕದಾಗಿದ್ದರೂ ಅದನ್ನು ಸರಿಪಡಿಸುವ ಕಸುಬು ನಶಿಸುತ್ತ ಬಂದುದಕ್ಕೆ ಕುಶಲತೆಯ ಅಭಾವವೊಂದೇ ಕಾರಣವಲ್ಲ. ಆ ಕುಶಲತೆಗೆ ಬೆಲೆ ಕಟ್ಟುವ ಕ್ರಮದಲ್ಲೇ ತಪ್ಪಿತ್ತು ಎಂಬುದು ಲೆಕ್ಕ ಹಾಕಿ ನೋಡಿದರೆ ಸ್ಪಷ್ಟವಾಗುತ್ತದೆ. ಈ ತಪ್ಪು ರೇಡಿಯೋ ಅಂಗಡಿಗೆ ಮಾತ್ರ ಸೀಮಿತವಾದುದಲ್ಲವಾದ್ದರಿಂದ ಇತರ ವರ್ತಕರೂ ಸಣ್ಣ ಕೈಗಾರಿಕೋದ್ಯಮಿಗಳೂ ಇದನ್ನು ಪರಿಶೀಲಿಸುವುದು ಉಪಯುಕ್ತ.

ಜಿಲ್ಲೆಯಲ್ಲಿ ರೇಡಿಯೋ

ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಖಾಸಗಿಯಾಗಿ ಬಾನುಲಿ ಕೇಂದ್ರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಪ್ರಚಾರಕ್ಕೆ ಬಂದುದು ಆ ಕೇಂದ್ರದ ಮೂಲಕ. ಬೆಂಗಳೂರಿನಲ್ಲಿ ಆಕಾಶವಾಣಿ ಕೇಂದ್ರ 1955ರಲ್ಲಿ ಆರಂಭವಾಯಿತು. ಸುಮಾರು 70 ಕಿಲೋಮೀಟರ್ ದೂರದ ಕೋಲಾರಕ್ಕೆ ಅಂದಿನಿಂದ ಕನ್ನಡದ ಪ್ರಸಾರ ಹತ್ತಿರದಿಂದಲೇ ಕೇಳಿಸತೊಡಗಿತು.

ವಿದ್ಯುತ್ತಿನ ವಿಷಯದಲ್ಲಿ ಈ ಜಿಲ್ಲೆಯದು ವಿಚಿತ್ರ ಸ್ಥಿತಿ. ಶಿವನಸಮುದ್ರದ ಜಲವಿದ್ಯುತ್ತು ಕೋಲಾರ ಚಿನ್ನದ ಗಣಿಗೆ 1902ರಲ್ಲೇ ತಲುಪಿತಾದರೂ ಸುತ್ತಲಿನ ಹಳ್ಳಿಗಳು ಅದಕ್ಕಾಗಿ ದಶಕಗಳ ಕಾಲ ಕಾಯಬೇಕಾಯಿತು. ಆದ್ದರಿಂದ ಇಲ್ಲಿ ಎರಡು ಬಗೆಯ ವಾಲ್ವ್ ಸೆಟ್‌ಗಳು ಸಿಗುತ್ತವೆ: ಪಟ್ಟಣದ ಮನೆಗಳಲ್ಲಿ ಗೋಡೆಯ ಪ್ಲಗ್ಗಿಗೆ ಹಾಕುವವು, ಹಳ್ಳಿಗಳಲ್ಲಿ ದೊಡ್ಡ ಒಣ ಬ್ಯಾಟರಿಯಿಂದ ನಡೆಯುತ್ತಿದ್ದವು. ಎರಡನೆಯ ಬಗೆಯಲ್ಲಿ ಬಳಸುತ್ತಿದ್ದ ಡಿಕೆ 96 ಸರಣಿಯ ವಾಲ್ವುಗಳ ಫಿಲಮೆಂಟು ಕೇವಲ 1.4 ವೋಲ್ಟಿನಲ್ಲಿ 25 ಮಿಲಿಆಂಪಿಯರ್ ಕರೆಂಟು ತೆಗೆದುಕೊಳ್ಳುವಷ್ಟು ಸೂಕ್ಷ್ಮ. ಟಾರ್ಚ್ ಬಲ್ಬಿಗೆ ಬೇಕಾಗುವುದಕ್ಕಿಂತಲೂ ಇದು ಬಹಳ ಕಡಿಮೆ. ತಪ್ಪು ವೋಲ್ಟೇಜು ಒಂದು ಕ್ಷಣ ತಗುಲಿದರೂ ಅದು ಸುಟ್ಟುಹೋಗುತ್ತದೆ.

ಮರ್ಫಿ, ಫಿಲಿಪ್ಸ್, ಬುಷ್, ನ್ಯಾಷನಲ್ ಎಕೋ ಮುಂತಾದ ಹೆಸರುಗಳು ಆ ಕಾಲದ ಮನೆಮಾತು. ಅವುಗಳಿಗೆ ಬೇಕಾದ ವಾಲ್ವುಗಳಿಗೆ ಮೊದಲು ಹೊರದೇಶಗಳನ್ನು ಅವಲಂಬಿಸಬೇಕಿತ್ತು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಲ್ಲಿ ರೇಡಿಯೋ ವಾಲ್ವುಗಳನ್ನೂ 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್ ಮೊದಲಾದವುಗಳನ್ನೂ ತಯಾರಿಸತೊಡಗಿತು. ಇಂದು ವಾಲ್ವುಗಳ ಆ ತಯಾರಿಕೆ ಇಲ್ಲ. ಆದರೂ 'ಬಿ.ಇ.ಎಲ್.' ಮುದ್ರೆಯ ವಾಲ್ವುಗಳು ಹಳೆಯ ಅಂಗಡಿಗಳ ಡಬ್ಬಗಳಲ್ಲಿ ಈಗಲೂ ಕಾಣಸಿಗುತ್ತವೆ. ಹೊರದೇಶಗಳ ಸಂಗೀತ ಆಂಪ್ಲಿಫೈಯರ್ ಪ್ರಿಯರೂ ಅವನ್ನು ಹುಡುಕುತ್ತಾರೆ.

ರೇಡಿಯೋ ಇಟ್ಟುಕೊಳ್ಳಲು ಅಂದು ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಲೈಸೆನ್ಸ್ ಪಡೆಯಬೇಕಿತ್ತು. ಈ ಪದ್ಧತಿ 1980ರ ದಶಕದಲ್ಲಿ ಕೊನೆಗೊಂಡಿತು. ಆ ಲೈಸೆನ್ಸ್ ಪುಸ್ತಕ ಸೆಟ್ಟಿನೊಂದಿಗೆ ಉಳಿದಿದ್ದರೆ ಅದನ್ನು ಎಸೆಯಬಾರದು. ವಸ್ತುವಿನ ಚರಿತ್ರೆ ಹೇಳುವ ಕಾಗದ ಜೊತೆಯಲ್ಲಿದ್ದರೆ ಸಂಗ್ರಾಹಕರಿಗೆ ನಂಬಿಕೆ ಹೆಚ್ಚು.

ಕೆಡುವುದು ಯಾವುದು?

ಬಯಲುಸೀಮೆಯ ಒಣ ಹವೆ ರೇಡಿಯೋಗೆ ಅನುಕೂಲಕರ. ಕರಾವಳಿ ಹಾಗೂ ಮಲೆನಾಡಿನ ತೇವದಲ್ಲಿ ಕಾಯಿಲ್‌ಗಳು ಬೇಗ ತುಕ್ಕು ಹಿಡಿದರೆ ಇಲ್ಲಿ ಅವು ಹೆಚ್ಚು ಕಾಲ ಉಳಿಯುತ್ತವೆ. ಆದರೆ ಹಂಚಿನಡಿಯ ಅಟ್ಟದ ಬೇಸಿಗೆಯ ಕಾವು, ದೂಳು, ಇಲಿ ಮತ್ತು ಗೆದ್ದಲು ಇಲ್ಲಿನ ಶತ್ರುಗಳು. ಕಾವಿಗೆ ಮೇಣ ಕರಗಿ ಜಾಗ ಬಿಡುತ್ತದೆ, ಅಂಟು ಪುಡಿಯಾಗುತ್ತದೆ, ಸ್ಪೀಕರಿನ ಕಾಗದದ ಕೋನು ಹಪ್ಪಳದಂತಾಗುತ್ತದೆ.

ಸಾಮಾನ್ಯವಾಗಿ ಕೆಡುವ ಭಾಗಗಳನ್ನು ಎರಡು ವರ್ಗ ಮಾಡಬಹುದು. ಮೊದಲನೆಯದು, ಬದಲಾಯಿಸಬಹುದಾದವು: ಪೇಪರ್ ಕಂಡೆನ್ಸರು, ಎಲೆಕ್ಟ್ರೋಲಿಟಿಕ್ ಕಂಡೆನ್ಸರು, ರೆಸಿಸ್ಟರು, ವಯರು. ಇವಕ್ಕೆ ಸಮಾನವಾದ ಹೊಸ ಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ದೊರೆಯುತ್ತವೆ. ಎರಡನೆಯದು, ಬದಲಿ ಇಲ್ಲದವು: ಐ.ಎಫ್. ಟ್ರಾನ್ಸ್‌ಫಾರ್ಮರು, ಆಂಟೆನಾ ಕಾಯಿಲು, ಔಟ್‌ಪುಟ್ ಟ್ರಾನ್ಸ್‌ಫಾರ್ಮರು, ಸ್ಪೀಕರಿನ ಕೋನು, ಬ್ಯಾಂಡ್ ಸ್ವಿಚ್ಚಿನ ಬಿಲ್ಲೆ, ಸ್ಟೇಷನ್ನುಗಳ ಹೆಸರು ಬರೆದ ಡಯಲ್ ಗಾಜು, ಬೇಕಲೈಟ್ ಪೆಟ್ಟಿಗೆ. ಇವು ಆಯಾ ಕಂಪನಿಯ ಆಯಾ ಮಾದರಿಗೆಂದೇ ಆದವು. ಮುರಿದರೆ ಮುರಿದದ್ದನ್ನೇ ಕೂಡಿಸಬೇಕು. ಕಸುಬುದಾರನ ಪರೀಕ್ಷೆ ನಡೆಯುವುದು ಈ ಎರಡನೆಯ ವರ್ಗದಲ್ಲಿ.

ಕೂಡಿಸುವ ಕ್ರಮ

ಐ.ಎಫ್. ಟ್ರಾನ್ಸ್‌ಫಾರ್ಮರ್ ಎಂಬುದು ಹೆಬ್ಬೆರಳಿಗಿಂತ ತುಸು ದಪ್ಪನಾದ ಅಲ್ಯೂಮಿನಿಯಂ ಡಬ್ಬಿ. ಅದರೊಳಗೆ ಎರಡು ಸಣ್ಣ ಸುರುಳಿಗಳಿರುತ್ತವೆ. ಹಿಡಿದ ಸ್ಟೇಷನ್ನನ್ನು ಸಾಮಾನ್ಯವಾಗಿ 455 ಕಿಲೋಹರ್ಟ್ಸ್ ಎಂಬ ಒಂದೇ ಕಂಪನಕ್ಕೆ ಇಳಿಸಿದ ಮೇಲೆ ಅದನ್ನು ಪಕ್ಕದ ಸ್ಟೇಷನ್ನುಗಳಿಂದ ಬೇರ್ಪಡಿಸುವುದು ಇದರ ಕೆಲಸ. ಮೂರು ಭಾಷೆಗಳ ಗಡಿಯಲ್ಲಿರುವ ಈ ಜಿಲ್ಲೆಯಲ್ಲಿ ಇದರ ಮಹತ್ವ ಹೆಚ್ಚು. 1980ರ ದಶಕದಲ್ಲಿ ಮುಳಬಾಗಿಲಿನಲ್ಲಿ ರಾತ್ರಿಯ ಹೊತ್ತು ಡಯಲ್ ತಿರುಗಿಸಿದವರಿಗೆ ಬೆಂಗಳೂರು 612ರಲ್ಲಿ ಸಿಕ್ಕರೆ ಮದ್ರಾಸು 720ರಲ್ಲೂ ಹೈದರಾಬಾದು 738ರಲ್ಲೂ ಸಿಗುತ್ತಿದ್ದವು. ಕೊನೆಯ ಎರಡರ ನಡುವೆ ಅಂತರ 18 ಕಿಲೋಹರ್ಟ್ಸ್ ಮಾತ್ರ. ಡಬ್ಬಿಯ ಸುರುಳಿ ದುರ್ಬಲವಾದರೆ ತಮಿಳು ವಾರ್ತೆಯೊಳಗೆ ತೆಲುಗು ಹಾಡು ನುಗ್ಗುತ್ತಿತ್ತು.

ಈ ಸುರುಳಿಯ ತಂತಿಯನ್ನು ಅನೇಕ ಸೆಟ್‌ಗಳಲ್ಲಿ ಹಲವು ಎಳೆಗಳನ್ನು ಹೊಸೆದು ಮಾಡಿರುತ್ತಾರೆ. ಪ್ರತಿ ಎಳೆಗೂ ಪ್ರತ್ಯೇಕವಾಗಿ ಎನಾಮೆಲ್ ಲೇಪವಿರುತ್ತದೆ. ತಯಾರಿಕೆಯ ಕಾಲದಲ್ಲಿ ಉಳಿದುಹೋದ ಫ್ಲಕ್ಸ್ ಮತ್ತು ಗಾಳಿಯ ತೇವ ಸೇರಿ ಬೆಸುಗೆಯ ಬಳಿ ತಾಮ್ರವನ್ನು ತಿನ್ನುತ್ತವೆ. ಅಲ್ಲಿ ಹಸಿರು ಚುಕ್ಕೆಯೊಂದು ಮೂಡುತ್ತದೆ. ದುರಸ್ತಿಗಾರ ಭೂತಕನ್ನಡಿಯಲ್ಲಿ ಮೊದಲು ಹುಡುಕುವುದು ಈ ಚುಕ್ಕೆಯನ್ನು.

ತುಂಡಾದದ್ದು ಸುರುಳಿಯ ಹೊರತುದಿಯಾಗಿದ್ದರೆ ಕೆಲಸ ಸಾಧ್ಯ. ಮೇಣವನ್ನು ಹದವಾಗಿ ಬೆಚ್ಚಗೆ ಮಾಡಿ ಹೊರಗಿನ ಅರ್ಧ ಸುತ್ತನ್ನು ಬಿಚ್ಚಬೇಕು. ತುಕ್ಕು ಹಿಡಿದ ಭಾಗವನ್ನು ಕತ್ತರಿಸಿ ಒಳ್ಳೆಯ ತಾಮ್ರ ಸಿಗುವವರೆಗೆ ಹಿಂದೆ ಹೋಗಬೇಕು. ಎಲ್ಲ ಎಳೆಗಳ ಎನಾಮೆಲನ್ನೂ ತೆಗೆದು ಎಲ್ಲಕ್ಕೂ ಬೆಸುಗೆ ಹಿಡಿಸಿ ಚಿಕ್ಕದೊಂದು ತಂತಿಯ ತುಂಡಿನಿಂದ ಕೊಂಡಿಗೆ ಜೋಡಿಸಬೇಕು. ಒಂದೆರಡು ಎಳೆಗಳು ಬಿಟ್ಟುಹೋದರೂ ಮೀಟರಿನಲ್ಲಿ ತಂತಿ ಸರಿಯಾಗಿದೆಯೆಂದೇ ತೋರುತ್ತದೆ, ಆದರೆ ಸ್ಟೇಷನ್ನುಗಳನ್ನು ಬೇರ್ಪಡಿಸುವ ಶಕ್ತಿ ಕುಂದಿರುತ್ತದೆ. ಮೀಟರನ್ನು ಮಾತ್ರ ನಂಬುವ ಹೊಸಬರು ಮೋಸ ಹೋಗುವುದು ಇಲ್ಲಿ. ರೇಷ್ಮೆಗೆ ಹೆಸರಾದ ಈ ಪ್ರದೇಶದ ಓದುಗರಿಗೆ ಇದನ್ನು ತಿಳಿಸಿ ಹೇಳುವುದು ಸುಲಭ. ಬಿಸಿನೀರಿನಲ್ಲಿ ಗೂಡಿನ ಎಳೆಯ ತುದಿಯನ್ನು ಹುಡುಕಿ ಹಿಡಿಯುವ ಬಿಚ್ಚಣಿಕೆದಾರನ ಬೆರಳಿಗೆ ಇರುವ ಹದವೇ ಇಲ್ಲಿಯೂ ಬೇಕು. ಬಲದಿಂದ ಎಳೆದರೆ ಎರಡೂ ಕಡೆ ನಷ್ಟವೇ.

ಸುರುಳಿಯ ನಡುವೆ ಓಡಾಡುವ ಕಬ್ಬಿಣಪುಡಿಯ ತಿರುಪು ಇನ್ನೊಂದು ಸೂಕ್ಷ್ಮ ಭಾಗ. ವರ್ಷಗಳಿಂದ ಮೇಣದಲ್ಲಿ ಅಂಟಿಕೊಂಡ ಅದನ್ನು ಲೋಹದ ಸ್ಕ್ರೂಡ್ರೈವರಿನಿಂದ ತಿರುಗಿಸಿದರೆ ತಲೆ ಪುಡಿಯಾಗುತ್ತದೆ. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯಿಂದ ಡಬ್ಬಿಯನ್ನು ಬೆಚ್ಚಗೆ ಮಾಡಿ, ಗಾಡಿಗೆ ಸರಿಯಾಗಿ ಕೂರುವ ಪ್ಲಾಸ್ಟಿಕ್ ಉಪಕರಣದಿಂದ ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪವೇ ಸಡಿಲಿಸುವುದು ಸರಿಯಾದ ಕ್ರಮ.

ಸ್ಪೀಕರಿನ ಹರಿದ ಕೋನಿಗೆ ತೆಳ್ಳನೆಯ ಟಿಶ್ಯೂ ಕಾಗದ ಮತ್ತು ನೀರು ಬೆರೆಸಿದ ಬಿಳಿ ಅಂಟು ಸಾಕು. ಅಂಟು ಹೆಚ್ಚಾದರೆ ಕೋನು ಬಿರುಸಾಗಿ ಧ್ವನಿ ಕೆಡುತ್ತದೆ. ಸೀಳಿನ ಎರಡು ಅಂಚುಗಳನ್ನು ಒಂದರ ಮೇಲೊಂದು ಬಾರದಂತೆ ಹೊಂದಿಸುವುದು ಮುಖ್ಯ. ಇಲ್ಲವಾದರೆ ಕೋನು ಓರೆಯಾಗಿ ಒಳಗಿನ ಸುರುಳಿ ಅಯಸ್ಕಾಂತಕ್ಕೆ ಉಜ್ಜುತ್ತದೆ.

ಬೇಕಲೈಟ್ ಪೆಟ್ಟಿಗೆಯ ಬಿರುಕಿಗೆ ಬಿಸಿ ಮಾಡಿ ಕೂಡಿಸುವ ಪ್ರಯತ್ನ ವ್ಯರ್ಥ. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಕಂಡುಹಿಡಿದ ಈ ವಸ್ತು ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಎರಡು ಟ್ಯೂಬುಗಳ ಅಂಟಿಗೆ ಕಂದು ಅಥವಾ ಕಪ್ಪು ಬಣ್ಣದ ಪುಡಿ ಬೆರೆಸಿ ಒಳಬದಿಯಿಂದ ಕೂಡಿಸಿ, ಹೊರಬದಿಯನ್ನು ನೀರುಕಾಗದದಿಂದ ತೀಡಿ ಹೊಳಪು ಕೊಡಬೇಕು.

ವಾಲ್ವಿನ ತಲೆಯ ಲೋಹದ ಟೊಪ್ಪಿ ಕಳಚಿ ಬಂದಿದ್ದರೂ ಗಾಜಿನಿಂದ ಹೊರಗೆ ಒಂದು ಮಿಲಿಮೀಟರ್ ತಂತಿ ಉಳಿದಿದ್ದರೆ ಅದಕ್ಕೆ ಹೊಸ ಎಳೆಯನ್ನು ಬೆಸೆದು ಟೊಪ್ಪಿಯನ್ನು ಮರಳಿ ಕೂರಿಸಬಹುದು. ಸಡಿಲವಾದ ಬುಡವನ್ನು ಅಂಟಿಸಬಹುದು. ಆದರೆ ಗಾಜಿನ ಒಳಗೆ ಬೆಳ್ಳಿಯಂತೆ ಹೊಳೆಯುವ ಲೇಪ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ ಎಂದರ್ಥ, ಅದಕ್ಕೆ ಮದ್ದಿಲ್ಲ. ಸ್ಟೇಷನ್ ಸರಿಯಾಗಿ ಹಿಡಿದುದನ್ನು ಹಸಿರು ಬೆಳಕಿನಲ್ಲಿ ತೋರಿಸುವ 'ಮ್ಯಾಜಿಕ್ ಐ' ಮಂಕಾಗಿದ್ದರೂ ಹಾಗೆಯೇ. ಇಂತಹವನ್ನು ಗಿರಾಕಿಗೆ ಮೊದಲೇ ತಿಳಿಸುವುದು ವ್ಯವಹಾರದ ಪ್ರಾಮಾಣಿಕತೆ.

ಅವಸರದಿಂದ ಆಗುವ ಅನಾಹುತ

ಹಳೆಯ ಸೆಟ್ಟು ಸಿಕ್ಕ ಕೂಡಲೇ 'ನಡೆಯುತ್ತದೆಯೇ ನೋಡೋಣ' ಎಂದು ಪ್ಲಗ್ಗಿಗೆ ಹಾಕುವುದು ಅತ್ಯಂತ ದುಬಾರಿ ಕುತೂಹಲ. ಕೊನೆಯ ವಾಲ್ವಿಗೆ ಧ್ವನಿಯನ್ನು ದಾಟಿಸುವ ಪೇಪರ್ ಕಂಡೆನ್ಸರು ಸೋರುತ್ತಿದ್ದರೆ ಆ ವಾಲ್ವಿನಲ್ಲಿ ಮಿತಿಮೀರಿದ ಕರೆಂಟು ಹರಿದು, ಅದರೊಂದಿಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ತೆಳುತಂತಿಯೂ ಸುಡಬಹುದು. ಬದಲಾಯಿಸಬಹುದಾದ ಅಗ್ಗದ ಭಾಗವೊಂದು ಬದಲಿ ಇಲ್ಲದ ಭಾಗವನ್ನು ಹಾಳುಮಾಡುವುದು ಹೀಗೆ. ಮೊದಲು ಸೋರುವ ಕಂಡೆನ್ಸರುಗಳನ್ನು ಬದಲಿಸಿ, ಅನಂತರ 60 ವ್ಯಾಟಿನ ಫಿಲಮೆಂಟ್ ಬಲ್ಬನ್ನು ಸರಣಿಯಲ್ಲಿ ಸೇರಿಸಿ ಕರೆಂಟು ಕೊಡುವುದು ಕಸುಬಿನ ನಿಯಮ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಬೆಳಗಿ ಎಚ್ಚರಿಸುತ್ತದೆ, ಸೆಟ್ಟು ಉಳಿಯುತ್ತದೆ.

ಜೀವದ ಪ್ರಶ್ನೆಯೂ ಇದೆ. ವಾಲ್ವ್ ಸೆಟ್ಟಿನೊಳಗೆ 250 ವೋಲ್ಟಿನಷ್ಟು ಡಿ.ಸಿ. ಇರುತ್ತದೆ, ಸ್ವಿಚ್ಚು ಆರಿಸಿದ ಮೇಲೂ ಕಂಡೆನ್ಸರಿನಲ್ಲಿ ಸ್ವಲ್ಪ ಕಾಲ ಉಳಿದಿರುತ್ತದೆ. ಮೇನ್ಸ್ ಟ್ರಾನ್ಸ್‌ಫಾರ್ಮರ್ ಇಲ್ಲದ, ಎ.ಸಿ. ಮತ್ತು ಡಿ.ಸಿ. ಎರಡರಲ್ಲೂ ನಡೆಯುವ ಸೆಟ್‌ಗಳಲ್ಲಿ ಕಬ್ಬಿಣದ ಚಾಸಿಯೇ ಮನೆಯ ಕರೆಂಟಿನ ಒಂದು ತಂತಿಗೆ ನೇರ ಸೇರಿರುತ್ತದೆ. ಪ್ಲಗ್ಗನ್ನು ತಿರುಗಿಸಿ ಹಾಕಿದರೆ ಚಾಸಿಗೆ 230 ವೋಲ್ಟು. ಇಂತಹ ಸೆಟ್ಟಿನ ಗುಂಡಿ ಕಳಚಿ ಒಳಗಿನ ಲೋಹದ ಕಡ್ಡಿ ಹೊರಗೆ ಕಾಣುತ್ತಿದ್ದರೆ ಅದನ್ನು ಮಾರಾಟಕ್ಕೂ ಪ್ರದರ್ಶನಕ್ಕೂ ಇಡಬಾರದು.

ದರ ನಿಗದಿಯಲ್ಲಿ ಆದ ತಪ್ಪು

'ಇಷ್ಟು ಸಣ್ಣ ತಂತಿಗೆ ಇಷ್ಟೊಂದು ದುಡ್ಡಾ ಅಣ್ಣಾ?' ಎಂಬುದು ದುರಸ್ತಿ ಅಂಗಡಿಯಲ್ಲಿ ಹಳೆಯ ಪ್ರಶ್ನೆ. ಈ ಪ್ರಶ್ನೆಗೆ ಹೆದರಿಯೇ ಬಿಡಿಭಾಗದ ಬೆಲೆಗೆ ಒಂದಿಷ್ಟು ಕೂಲಿ ಸೇರಿಸಿ ಬಿಲ್ಲು ಹೇಳುವ ವಾಡಿಕೆ ಬೆಳೆಯಿತು. ಭಾಗ ಬದಲಾಯಿಸುವ ಕೆಲಸಕ್ಕೆ ಅದು ಹೇಗೋ ಸಾಗುತ್ತದೆ. ಬದಲಿ ಇಲ್ಲದ ಭಾಗವನ್ನು ಕೂಡಿಸುವ ಕೆಲಸಕ್ಕೆ ಅದು ಮಾರಕ. ಊಹೆಯ ಅಂಕಿಗಳಿಂದಲೇ ಒಂದು ಲೆಕ್ಕ ಮಾಡಿ ನೋಡಬಹುದು.

ಕೋಲಾರದಂತಹ ಪಟ್ಟಣದಲ್ಲಿ ಒಬ್ಬನೇ ನಡೆಸುವ ಅಂಗಡಿಗೆ ಬಾಡಿಗೆ, ವಿದ್ಯುತ್ತು, ಉಪಕರಣಗಳ ಸವಕಳಿ ಸೇರಿ ತಿಂಗಳಿಗೆ 9,000 ರೂಪಾಯಿ ಎಂದಿಟ್ಟುಕೊಳ್ಳೋಣ. ಆತನ ದುಡಿಮೆಗೆ 30,000 ರೂಪಾಯಿ. ಒಟ್ಟು 39,000. ತಿಂಗಳಿಗೆ 25 ದಿನ, ದಿನಕ್ಕೆ 8 ಗಂಟೆಯಂತೆ 200 ಗಂಟೆ. ಆದರೆ ಗಿರಾಕಿಗಳೊಂದಿಗಿನ ಮಾತುಕತೆ, ಬಿಡಿಭಾಗ ಹುಡುಕುವುದು, ಬೆಂಗಳೂರಿನ ಓಡಾಟ ಇವೆಲ್ಲ ಕಳೆದರೆ ಬಿಲ್ಲು ಮಾಡಬಹುದಾದದ್ದು 120 ಗಂಟೆ. ಅಂದರೆ ಒಂದು ಗಂಟೆಯ ವೆಚ್ಚ 325 ರೂಪಾಯಿ.

ಒಂದು ಐ.ಎಫ್. ಟ್ರಾನ್ಸ್‌ಫಾರ್ಮರಿನ ದುರಸ್ತಿಗೆ ದೋಷ ಹುಡುಕಲು 1 ಗಂಟೆ, ಬಿಚ್ಚಿ ಕೂಡಿಸಲು 3 ಗಂಟೆ, ಮರಳಿ ಜೋಡಿಸಿ ಶ್ರುತಿ ಮಾಡಲು ಒಂದೂವರೆ ಗಂಟೆ, ಓಡಿಸಿ ಪರೀಕ್ಷಿಸಲು ಅರ್ಧ ಗಂಟೆ, ಒಟ್ಟು 6 ಗಂಟೆ ಬೇಕೆಂದು ಭಾವಿಸಿದರೆ ಶ್ರಮದ ವೆಚ್ಚ 1,950 ರೂಪಾಯಿ. ಹತ್ತರಲ್ಲಿ ಒಂದು ಕೆಲಸ ವಿಫಲವಾಗಿ ಕೂಲಿ ಸಿಗುವುದಿಲ್ಲ ಎಂದುಕೊಂಡರೆ ಆ ಒಂದರ ಹೊರೆಯನ್ನು ಉಳಿದ ಒಂಬತ್ತೇ ಹೊರಬೇಕು. ಆಗ ಒಂದಕ್ಕೆ ಸುಮಾರು 2,167 ರೂಪಾಯಿ. ಬೆಸುಗೆ, ತಂತಿ ಮುಂತಾದವಕ್ಕೆ 150 ಸೇರಿದರೆ 2,317 ರೂಪಾಯಿ. ಇದರಲ್ಲಿ ಲಾಭ ಇನ್ನೂ ಸೇರಿಲ್ಲ.

ವಾಡಿಕೆಯ ಕ್ರಮದಲ್ಲಿ ಇದೇ ಕೆಲಸಕ್ಕೆ ಸಾಮಾನಿಗೆ 150, ಕೂಲಿ 300, ಒಟ್ಟು 450 ಎಂದು ಹೇಳಿದರೆ ಗಂಟೆಗೆ ಸಿಕ್ಕಿದ್ದು 50 ರೂಪಾಯಿ. ತಿಂಗಳ 120 ಗಂಟೆಗೆ 6,000. ಅಂಗಡಿಯ ಖರ್ಚು 9,000. ಅಂದರೆ ತನ್ನ ದುಡಿಮೆಗೆ ಒಂದು ಪೈಸೆಯನ್ನೂ ತೆಗೆದುಕೊಳ್ಳದಿದ್ದರೂ ಆತ ಪ್ರತಿ ತಿಂಗಳು 3,000 ರೂಪಾಯಿಯನ್ನು ಕೈಯಿಂದ ಹಾಕಿದಂತಾಯಿತು. ದಿನವಿಡೀ ಕೆಲಸ ತುಂಬಿದ್ದ ಅಂಗಡಿಗಳು ಮುಚ್ಚಿದ್ದು ಹೇಗೆ ಎಂಬ ಪ್ರಶ್ನೆಗೆ ಈ ಲೆಕ್ಕದಲ್ಲಿ ಉತ್ತರವಿದೆ. ಕೆಲಸ ಹೆಚ್ಚಾದಷ್ಟೂ ಆ ಗಂಟೆಗಳು ಅಗ್ಗಕ್ಕೆ ಮಾರಿಹೋದವು.

ಎಲ್ಲ ಗಿರಾಕಿಗಳೂ 2,300 ರೂಪಾಯಿ ಕೊಡುವುದಿಲ್ಲ ಎಂಬುದು ನಿಜ. ಕೊಡಲೊಲ್ಲದವರ ಕೆಲಸವನ್ನು 450ಕ್ಕೆ ಒಪ್ಪಿಕೊಳ್ಳುವುದು ಅದಕ್ಕೆ ಪರಿಹಾರವಲ್ಲ. ಹಂತಹಂತದ ಅಂದಾಜು ಉತ್ತಮ ಮಾರ್ಗ. ಮೊದಲ ಹಂತದಲ್ಲಿ ಒಂದು ಗಂಟೆಯ ಪರೀಕ್ಷೆಗೆ 325 ರೂಪಾಯಿಯನ್ನು ಮುಂಗಡವಾಗಿ, ಹಿಂದಿರುಗಿಸದ ಷರತ್ತಿನ ಮೇಲೆ ಪಡೆಯಬೇಕು. ಎರಡನೆಯ ಹಂತದಲ್ಲಿ ದೋಷ ಯಾವ ವರ್ಗದ್ದು, ವೆಚ್ಚವೆಷ್ಟು, ವಿಫಲವಾಗುವ ಸಂಭವ ಎಷ್ಟು ಎಂಬುದನ್ನು ಬರೆದು ಕೊಡಬೇಕು. ಗಿರಾಕಿ ಒಪ್ಪಿ ಸಹಿ ಹಾಕಿದ ಮೇಲೆಯೇ ಬದಲಿ ಇಲ್ಲದ ಭಾಗಕ್ಕೆ ಕೈ ಹಾಕಬೇಕು. ಒಪ್ಪದವರು ಸೆಟ್ಟನ್ನು ಹಾಗೆಯೇ ಒಯ್ಯುತ್ತಾರೆ, ಇಬ್ಬರಿಗೂ ನಷ್ಟವಿಲ್ಲ.

ಕಾನೂನು, ತೆರಿಗೆ ಮತ್ತು ದಾಸ್ತಾನು

ದುರಸ್ತಿಗೆ ಬಿಟ್ಟುಹೋದ ಸೆಟ್ಟು ಅಂಗಡಿಯ ಸ್ವತ್ತಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 148ನೆಯ ಕಲಮಿನಂತೆ ಅದು ಒಂದು ಉದ್ದೇಶಕ್ಕಾಗಿ ಒಪ್ಪಿಸಿದ ವಸ್ತು. 151ನೆಯ ಕಲಮಿನಂತೆ ಸಾಮಾನ್ಯ ವಿವೇಕವುಳ್ಳ ವ್ಯಕ್ತಿ ತನ್ನ ಸ್ವಂತ ವಸ್ತುವಿನ ಬಗ್ಗೆ ವಹಿಸುವಷ್ಟು ಎಚ್ಚರಿಕೆಯನ್ನು ವಹಿಸುವುದು ಅಂಗಡಿಯವನ ಹೊಣೆ. ಪ್ರತಿಯಾಗಿ, 170ನೆಯ ಕಲಮು ಆತನಿಗೆ ಒಂದು ಹಕ್ಕನ್ನು ಕೊಡುತ್ತದೆ: ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲವನ್ನು ವ್ಯಯಿಸಿ ಒಪ್ಪಂದದಂತೆ ಕೆಲಸ ಮುಗಿಸಿದ್ದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಆ ಕೆಲಸದ ಕೂಲಿ ಸಲ್ಲುವವರೆಗೆ ವಸ್ತುವನ್ನು ತಡೆಹಿಡಿಯಬಹುದು. ಸ್ವೀಕೃತಿ ಚೀಟಿಯಲ್ಲಿ ಸೆಟ್ಟಿನ ಮಾದರಿ, ಈಗಾಗಲೇ ಇರುವ ಬಿರುಕುಗಳು, ಕಾಣೆಯಾದ ಗುಂಡಿಗಳನ್ನು ನಮೂದಿಸಿ ಒಂದು ಛಾಯಾಚಿತ್ರ ತೆಗೆದಿಟ್ಟರೆ ನಂತರದ ವಿವಾದಗಳು ಬಹಳ ಕಡಿಮೆಯಾಗುತ್ತವೆ.

ಸರಕು ಮತ್ತು ಸೇವಾ ತೆರಿಗೆಯಲ್ಲಿ ದುರಸ್ತಿ ಒಂದು ಸೇವೆ. ದರ ಶೇಕಡಾ 18. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ನೋಂದಣಿ ಅಗತ್ಯ. ಸರಕು ಮಾತ್ರ ಮಾರುವವರಿಗೆ ಇರುವ 40 ಲಕ್ಷದ ಮಿತಿ ದುರಸ್ತಿ ಸೇವೆಯನ್ನೂ ಸೇರಿಸಿಕೊಂಡವರಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಗಮನಿಸಬೇಕು.

ಹಳೆಯ ಸೆಟ್ಟನ್ನು ಕೊಂಡು ಸರಿಪಡಿಸಿ ಮಾರುವ ನೋಂದಾಯಿತ ವರ್ತಕರಿಗೆ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ನಿಯಮಗಳ 32(5)ನೆಯ ನಿಯಮ ಅನುಕೂಲಕರವಾಗಿದೆ. ಬಳಸಿದ ವಸ್ತುವನ್ನು ಇದ್ದಂತೆಯೇ, ಇಲ್ಲವೇ ಅದರ ಸ್ವರೂಪ ಬದಲಾಗದಂತಹ ಅಲ್ಪ ಸಂಸ್ಕರಣೆಯ ನಂತರ ಮಾರಿದರೆ, ಖರೀದಿಯ ಮೇಲೆ ಹೂಡುವಳಿ ತೆರಿಗೆಯ ಜಮೆಯನ್ನು ಪಡೆಯದಿದ್ದರೆ, ಮಾರಾಟ ಬೆಲೆ ಮತ್ತು ಖರೀದಿ ಬೆಲೆಯ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ. ಉದಾಹರಣೆಗೆ 3,000ಕ್ಕೆ ಕೊಂಡದ್ದನ್ನು ತೆರಿಗೆ ಬಿಟ್ಟು 8,000ಕ್ಕೆ ಮಾರಿದರೆ 5,000ದ ಮೇಲೆ ಶೇಕಡಾ 18ರಂತೆ 900 ರೂಪಾಯಿ. ನಿಯಮದಲ್ಲಿ ಹೇಳಿರುವುದು ಎರಡು ಬೆಲೆಗಳ ವ್ಯತ್ಯಾಸವನ್ನು; ದುರಸ್ತಿಗೆ ತಗುಲಿದ ವೆಚ್ಚವನ್ನು ಅದರಿಂದ ಕಳೆಯಲು ಬರುವುದಿಲ್ಲ. ಮನೆಯವರಿಂದ ಕೊಳ್ಳುವಾಗ ಹೆಸರು, ವಿಳಾಸ, ಬೆಲೆ ಮತ್ತು ಸಹಿ ಇರುವ ಖರೀದಿ ಚೀಟಿ ಇಲ್ಲದಿದ್ದರೆ ಈ ಅನುಕೂಲವನ್ನು ಸಮರ್ಥಿಸಿಕೊಳ್ಳುವುದು ಕಷ್ಟ.

ಇನ್ನು ಡಬ್ಬಗಳಲ್ಲಿ ಉಳಿದ ಹಳೆಯ ವಾಲ್ವು, ಕಾಯಿಲು, ಗುಂಡಿಗಳ ಸಂಗತಿ. ದಾಸ್ತಾನನ್ನು ವೆಚ್ಚ ಅಥವಾ ಮಾರಿದರೆ ಬರಬಹುದಾದ ನಿವ್ವಳ ಬೆಲೆ, ಇವೆರಡರಲ್ಲಿ ಕಡಿಮೆಯಾದದ್ದಕ್ಕೆ ತೋರಿಸಬೇಕೆಂಬುದು ಲೆಕ್ಕಶಾಸ್ತ್ರದ ನಿಯಮ. ಆದ್ದರಿಂದ ದಶಕಗಳ ಹಿಂದೆ ಕೆಲವೇ ರೂಪಾಯಿಗೆ ಕೊಂಡ ವಾಲ್ವು ಪುಸ್ತಕದಲ್ಲಿ ಕೆಲವೇ ರೂಪಾಯಿ. ಅನೇಕ ಕಡೆ ಅದನ್ನು ಪೂರ್ತಿ ಬರೆದುಹಾಕಿಯೂ ಆಗಿರುತ್ತದೆ. ಪುಸ್ತಕದಲ್ಲಿ ಸೊನ್ನೆಯಿದ್ದ ಮಾತ್ರಕ್ಕೆ ಡಬ್ಬದಲ್ಲಿರುವುದು ಕಸವಲ್ಲ. ಅಂಗಡಿ ಮುಚ್ಚುವಾಗ ಮಕ್ಕಳು ಆ ಡಬ್ಬಗಳನ್ನು ತೂಕಕ್ಕೆ ಹಾಕುವುದಕ್ಕೆ ಮುಂಚೆ ಪಟ್ಟಿ ಮಾಡಿಸಬೇಕು. ವಿಮೆ ಮಾಡಿಸುವವರು ಪುಸ್ತಕದ ಬೆಲೆಯನ್ನಲ್ಲ, ಮರಳಿ ಕೊಳ್ಳಲು ತಗುಲುವ ಬೆಲೆಯನ್ನು ಗಮನದಲ್ಲಿಡಬೇಕು.

ಕೈಗಾರಿಕೆಗೂ ಸಲ್ಲುವ ಪಾಠ

ಈ ಕಸುಬು ವಿಶ್ವಕರ್ಮ ಯೋಜನೆಯ ವ್ಯಾಪ್ತಿಯಲ್ಲಿಲ್ಲ. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್‌ನಲ್ಲಿ ಆರಂಭಿಸಿದ ಆ ಯೋಜನೆಯ 18 ವೃತ್ತಿಗಳಲ್ಲಿ ಬೀಗ ತಯಾರಕರೂ ಅಕ್ಕಸಾಲಿಗರೂ ಇದ್ದಾರೆ, ರೇಡಿಯೋ ದುರಸ್ತಿಗಾರರಿಲ್ಲ. ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ 'ದುರಸ್ತಿಯ ಹಕ್ಕು' ಕುರಿತು ಸಮಿತಿ ರಚಿಸಿ ಜಾಲತಾಣವನ್ನೂ ತೆರೆಯಿತು. ಹಕ್ಕು ಎಷ್ಟೇ ದೊರೆತರೂ ದುರಸ್ತಿ ಮಾಡುವ ಕೈ ಇಲ್ಲದಿದ್ದರೆ ಅದರಿಂದ ಪ್ರಯೋಜನವಿಲ್ಲ.

ಹಳೆಯ ರೇಡಿಯೋಗಳ ಮಾರುಕಟ್ಟೆ ಚಿಕ್ಕದೆಂಬುದನ್ನು ಒಪ್ಪಬೇಕು. ಆದರೆ ಕೂದಲೆಳೆಯ ತಂತಿಯನ್ನು ಕೂಡಿಸಬಲ್ಲ ಕೈ ರೇಡಿಯೋವನ್ನು ಮಾತ್ರ ಸರಿಪಡಿಸುವುದಿಲ್ಲ. ಮಾಲೂರಿನ ಕೈಗಾರಿಕಾ ಪ್ರದೇಶ, ಕೋಲಾರ ತಾಲ್ಲೂಕಿನ ನರಸಾಪುರ ಮತ್ತು ವೇಮಗಲ್‌ಗಳ ಕಾರ್ಖಾನೆಗಳಲ್ಲೂ, ಶ್ರೀನಿವಾಸಪುರದ ಮಾವಿನ ಮಂಡಿಗಳ ತಕ್ಕಡಿಗಳಲ್ಲೂ ಬಿಡಿಭಾಗ ಸಿಗದ ಹಳೆಯ ನಿಯಂತ್ರಕ, ಸುರುಳಿ, ಮೀಟರುಗಳು ಇದ್ದೇ ಇರುತ್ತವೆ. ಹಳೆಯ ಯಂತ್ರವೊಂದರ ಸಣ್ಣ ಕಾಯಿಲು ಸುಟ್ಟು ಉತ್ಪಾದನೆ ಎರಡು ದಿನ ನಿಂತಾಗ ಅದರ ಮಾಲೀಕರಿಗೆ ಕಾಯಿಲಿನ ಬೆಲೆ ಮುಖ್ಯವಾಗುವುದಿಲ್ಲ, ನಿಂತ ದಿನಗಳ ನಷ್ಟ ಮುಖ್ಯವಾಗುತ್ತದೆ. ರೇಡಿಯೋ ಮೇಜಿನ ಕುಶಲತೆಗೆ ಪೂರ್ಣ ಬೆಲೆ ಕೊಡಬಲ್ಲ ಗಿರಾಕಿಗಳು ಇವರೇ. ಉದ್ಯಮಿಗಳು ತಮ್ಮ ಪಟ್ಟಣದಲ್ಲಿ ಉಳಿದಿರುವ ಅಂತಹ ಒಬ್ಬಿಬ್ಬರನ್ನು ಗುರುತಿಸಿ ತಿಂಗಳಿಗೆ ಇಂತಿಷ್ಟು ಗಂಟೆಗಳ ಒಪ್ಪಂದ ಮಾಡಿಕೊಂಡರೆ, ತಮ್ಮ ಐ.ಟಿ.ಐ. ಕಲಿತ ಹುಡುಗರನ್ನು ಅವರ ಬಳಿ ವಾರಕ್ಕೊಂದು ದಿನ ಕೂರಿಸಿದರೆ, ವೆಚ್ಚಕ್ಕಿಂತ ಉಳಿತಾಯವೇ ಹೆಚ್ಚಾಗುವ ಸಂಭವವಿದೆ.

ಮನೆಯ ಅಟ್ಟದಲ್ಲಿ ಸೆಟ್ಟು ಉಳಿಸಿಕೊಂಡವರು ಮಾಡಬೇಕಾದದ್ದು ಇಷ್ಟು: ಪ್ಲಗ್ಗಿಗೆ ಹಾಕಬಾರದು, ಹಿಂದಿನ ಮುಚ್ಚಳ ತೆಗೆದು ಒದ್ದೆ ಬಟ್ಟೆಯಿಂದ ಒರೆಸಬಾರದು, ಕಳಚಿ ಬಿದ್ದ ಚೂರುಗಳನ್ನು ಒಂದು ಪೊಟ್ಟಣದಲ್ಲಿ ಕಟ್ಟಿ ಸೆಟ್ಟಿನೊಂದಿಗೇ ಇಡಬೇಕು. ಗುಜರಿಯವನು ತೂಗುವ ಮುನ್ನ ಬಲ್ಲವರೊಬ್ಬರಿಂದ ಒಂದು ಗಂಟೆಯ ಪರೀಕ್ಷೆ ಮಾಡಿಸಬೇಕು. ದುರಸ್ತಿ ಅಂಗಡಿಯವರು ಮಾಡಬೇಕಾದದ್ದು ಇನ್ನೂ ಸುಲಭ: ಮುಂದಿನ ಒಂದು ತಿಂಗಳು ಪ್ರತಿ ಕೆಲಸಕ್ಕೂ ಹಿಡಿದ ಗಂಟೆಗಳನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಬೇಕು. ತಿಂಗಳ ಕೊನೆಯಲ್ಲಿ ಕೂಲಿಯ ಮೊತ್ತವನ್ನು ಆ ಗಂಟೆಗಳಿಂದ ಭಾಗಿಸಿ ನೋಡಿದರೆ, ಮರುದಿನ ಬರುವ ಗಿರಾಕಿಗೆ ಯಾವ ದರ ಹೇಳಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.